ಕಲಘಟಗಿಯ ಜಪಾನಿ ಬಾಗಿಲು

ಕಾರಿನ ಬಾಗಿಲ ಒಳಮೈಯನ್ನು ಉಗುರಿನಿಂದ ನಾಲ್ಕು ಸಲ ಕೆರೆದಿದ್ದರೆ ನನ್ನ ಅಣ್ಣನ ಮಾತು ಉಳಿಯುತ್ತಿತ್ತು. ನಾನು ಕೆರೆಯಲಿಲ್ಲ. ಬಾಗಿಲಿಗೂ ನನಗೂ ನಡುವೆ ಮೂರು ಮಾರು ದೂರವಿತ್ತು, ಕೈಯಲ್ಲಿ ಉಗುರೂ ಇದ್ದವು. ಸುತ್ತ ಗಂಡಸರು ನಿಂತಿದ್ದಾರೆ, ಹೆಣ್ಣುಮಗಳು ನಡುವೆ ಬಾಯಿ ಹಾಕುವುದು ಹೇಗೆ ಎಂದು ಸುಮ್ಮನಾದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಮ್ಮ ಓಣಿಯವರು ಇದನ್ನು ಓದಿದರೆ ನಗುತ್ತಾರೆ. ನೀರಿನ ನಳದ ಮುಂದೆ ನನ್ನ ಬಾಯಿಗೆ ಹೆದರಿ ಕೊಡ ಹಿಂದೆ ಸರಿಸಿದ ಗಂಡಸರು ಆ ಓಣಿಯಲ್ಲಿ ಇನ್ನೂ ಇದ್ದಾರೆ.

ಇದು ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೋಗುವ ರಸ್ತೆಯ ಬಾಜು, ಕಲಘಟಗಿಯಲ್ಲಿ, ನಮ್ಮ ಮನೆಗೆ ಹೊಂದಿಕೊಂಡು ಅಣ್ಣನ ತಗಡಿನ ಶೆಡ್ಡು ಇತ್ತು. ಟ್ರ್ಯಾಕ್ಟರಿನ ಬಾನೆಟ್ಟು, ಮಡ್‌ಗಾರ್ಡು, ನೀರೆತ್ತುವ ಇಂಜಿನ್ನಿನ ಟಾಕಿ, ಹೀಗೆ ತಗ್ಗು ಬಿದ್ದದ್ದು, ಹರಿದದ್ದು, ತುಕ್ಕು ತಿಂದದ್ದು ಎಲ್ಲ ಅವನ ಕೈಗೆ ಬರುತ್ತಿತ್ತು. ಶೆಡ್ಡಿನ ಒಂದು ಮೂಲೆಯಲ್ಲಿ ನನ್ನ ಹೊಲಿಗೆ ಮಷೀನು. ತಿರ್ಲಾಪುರದ ಗಂಡನ ಮನೆಯಿಂದ ನಾನು ಒಂದೂವರೆ ವರ್ಷಕ್ಕೆ ತಿರುಗಿ ಬಂದಿದ್ದೆ. ಅವರು ನನ್ನನ್ನು ಬಿಟ್ಟರೋ ನಾನು ಅವರನ್ನು ಬಿಟ್ಟೆನೋ ಎಂಬುದು ಎರಡೂ ಊರಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬೆಳಗ್ಗೆ ರವಿಕೆ, ಮಧ್ಯಾಹ್ನ ಟ್ರ್ಯಾಕ್ಟರಿನ ಸೀಟು ಹೊಲಿಯುತ್ತಿದ್ದೆ. ಸಾಲೆ ನಾಲ್ಕನೆಯ ಇಯತ್ತೆಗೆ ಮುಗಿದಿತ್ತು. ಆದರೆ ರವಿಕೆಯ ಅಳತೆಗೆಂದು ತಂದ ಹಳೆಯ ಪೇಪರನ್ನು ಪೂರ್ತಿ ಓದಿಯೇ ಕತ್ತರಿಸುವ ಚಟ ಇತ್ತು. ನಾನು ಕಲಿತದ್ದೆಲ್ಲ ಕತ್ತರಿ ಹಾಕುವ ಮೊದಲು ಕಲಿತದ್ದು.

ನಮ್ಮ ಅಪ್ಪ ಕೂರಿಗೆ ಕುಂಟೆಗಳ ಕಬ್ಬಿಣದ ಕೆಲಸ ಮಾಡಿದವನು. ತಾನು ಮಾಡಿದ ಪ್ರತಿ ಸಾಮಾನಿನ ಹಿಂಬದಿಗೆ ಚಾಣ ಹಿಡಿದು ಮೂರು ಅಡ್ಡ ಗೆರೆ ಹೊಡೆಯುತ್ತಿದ್ದ, ಹಣೆಗೆ ವಿಭೂತಿ ಎಳೆದ ಹಾಗೆ. ಅದು ಅಲಂಕಾರವಲ್ಲ. ಇದು ನನ್ನ ಕೈಯದು, ಮುರಿದರೆ ನನ್ನ ಹತ್ತಿರವೇ ತನ್ನಿ, ಬೇರೆಯವರ ಮೇಲೆ ಹಾಕಬೇಡಿ ಎಂದು ಅದರ ಅರ್ಥ. ಅಪ್ಪ ಹೋದ ಮೇಲೆ ಅಣ್ಣ ಅದನ್ನೇ ಮುಂದುವರಿಸಿದ. ಟ್ರ್ಯಾಕ್ಟರಿನ ಜೊತೆ ಬಂದ ತಗಡನ್ನು ಅವನು ಎಷ್ಟೇ ತಿದ್ದಿದರೂ ಗೆರೆ ಇಲ್ಲ. ಹೊಸದಾಗಿ ತಾನೇ ಬಡಿದು ಕೂಡಿಸಿದ ತುಂಡಿಗೆ ಮಾತ್ರ ಮೂರು ಗೆರೆ. ಬಾನೆಟ್ಟು ಮುರಿದರೆ ರೈತರು ಮೊದಲು ಅದನ್ನು ತಿರುವಿ ನೋಡುತ್ತಿದ್ದರು. ಗೆರೆ ಇದ್ದರೆ ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋಗುತ್ತಿದ್ದರು.

ಇಂಥ ಶೆಡ್ಡಿಗೆ ಒಂದು ದಿನ, ಎದುರಿನ ಚಹಾದಂಗಡಿ ತೆರೆಯುವ ಮೊದಲೇ, ಗೋವಾದ ಲಾರಿಯಲ್ಲಿ ಜಪಾನು ಬಂತು.

ತಂದವರು ದುಮ್ಮವಾಡದ ಹತ್ತಿರದ ಊರೊಂದರ ಸಾಹುಕಾರರು. ಅವರಿಗೆ ಅಸಲಿ ಎಂಬ ಮಾತಿನ ಮೇಲೆ ಬಹಳ ಪ್ರೀತಿ. ತಮ್ಮ ಮನೆತನ ಅಸಲಿ, ತಮ್ಮ ಎತ್ತು ಅಸಲಿ, ಮನೆಯಲ್ಲಿ ಕಾಸುವ ತುಪ್ಪ ಅಸಲಿ. ಅವರ ಪಡಸಾಲೆಯಲ್ಲಿ ರುಮಾಲು ಸುತ್ತಿದ ಮುತ್ತಜ್ಜನ ದೊಡ್ಡ ಚಿತ್ರ ತೂಗುತ್ತಿತ್ತು. ಅದನ್ನು ಬರೆದವನು ಕಲಘಟಗಿಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರು. ಮುತ್ತಜ್ಜನ ಮುಖ ನೋಡಿದವರು ಯಾರೂ ಬದುಕಿರಲಿಲ್ಲವಾದ್ದರಿಂದ ಸಾಹುಕಾರರು ತಾವೇ ಎರಡು ದಿನ ಪೇಂಟರಿನ ಎದುರು ಕುಳಿತಿದ್ದರು. ಬಂದವರೆಲ್ಲ ಮರಿಮಗನದು ಥೇಟ್ ಮುತ್ತಜ್ಜನ ಮುಖ ಎಂದು ಹೊಗಳುತ್ತಿದ್ದರು, ಸಾಹುಕಾರರು ನಾಚುತ್ತಿದ್ದರು.

ಲಾರಿಯಿಂದ ಇಳಿಸಿದ ಕಾರು ಎರಡೇ ಸೀಟಿನದು. ಮೂತಿ ಉದ್ದ, ಮೈ ನೆಲಕ್ಕೆ ಹತ್ತಿದಷ್ಟು ಗಿಡ್ಡ, ಮೇಲೆ ಛತ್ತು ಇಲ್ಲ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಗೋವಾದವನೊಬ್ಬ ಬಹಳ ಹಿಂದೆ ಪರದೇಶದಿಂದ ತಂದದ್ದಂತೆ. ಅಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಮೇಸ್ತ್ರಿ, ಇದು ಅಸಲಿ ಜಪಾನದ್ದು. ಇಂಥಾದು ನಮ್ಮ ಜಿಲ್ಲಾದಾಗ ಇನ್ನೊಂದಿಲ್ಲ," ಅಂದರು ಸಾಹುಕಾರರು.

"ಈ ಕಡೆ ಬಾಗಲಾ ಎಲ್ಲೈತ್ರಿ?" ಸ್ಟೇರಿಂಗಿನ ಬದಿಗೆ, ಅಂದರೆ ಬಲಕ್ಕೆ, ಬಾಗಿಲು ಇರಲಿಲ್ಲ.

"ಅದೊಂದಿಲ್ಲ. ಉಳಿದದ್ದೆಲ್ಲಾ ಅಸಲಿ."

"ಸ್ಟೇರಿಂಗಿನ ಗಾಲಿ ಅರ್ಧಾ ಮುರದೈತಿ."

"ಅದೊಂದು ಮುರದೈತಿ. ಉಳಿದದ್ದೆಲ್ಲಾ ಅಸಲಿ."

"ಸೀಟ ಇಲಿ ತಿಂದಾವ್ರಿ."

"ಇಲಿ ಗೋವಾದ್ವು. ಸೀಟ ಜಪಾನದ್ದ ಐತಿ."

ನಾನು ಮಷೀನಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ. ಅಣ್ಣ ನಗಲಿಲ್ಲ. ಅವನು ಆಗಲೇ ಬಗ್ಗಿ ಎಡಬಾಗಿಲಿನ ಅಂಚಿನ ಮೇಲೆ ಬೆರಳು ಎಳೆಯುತ್ತಿದ್ದ. ಅವನಿಗೆ ತಗಡು ಸಿಕ್ಕರೆ ಸಾಕು, ಮಾತು ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ.

ಸಾಹುಕಾರರ ಲೆಕ್ಕಾಚಾರ ಏನೆಂದರೆ, ಕಾರನ್ನು ಸರಿಮಾಡಿಸಿ, ಹಳೆಯ ಕಾರುಗಳ ಹುಚ್ಚಿರುವ ಪುಣೆಯ ಶೇಠ ಒಬ್ಬನಿಗೆ ಮಾರುವುದು. ಶೇಠನಿಗೂ ಅಸಲಿಯೇ ಬೇಕು. ಒಂದು ತುಂಡು ಬದಲಾಗಿದ್ದರೂ ಆತ ಮುಖ ತಿರುವುತ್ತಾನಂತೆ. ಆದ್ದರಿಂದ ಕೆಲಸ ಗುಟ್ಟಾಗಿ ನಡೆಯಬೇಕು ಎಂದು ಶೆಡ್ಡಿನ ಸುತ್ತ ಹೆರಿಗೆ ಕೋಣೆಗೆ ಕಟ್ಟಿದ ಹಾಗೆ ತಾಡಪತ್ರಿ ಕಟ್ಟಿಸಿದರು. ಒಳಗೆ ಏನು ಹುಟ್ಟುತ್ತಿದೆ ಎಂದು ಊರಿಗೆ ಕುತೂಹಲ. ಒಳಗೆ ಇದ್ದವರು ನಾವಿಬ್ಬರೇ.

ಗೆರೆಯ ಮಾತು ಮೊದಲ ವಾರವೇ ಬಂತು.

"ಮೇಸ್ತ್ರಿ, ಇದಕ್ಕ ನಿನ್ನ ಮೂರ ಗೆರಿ ಬ್ಯಾಡ. ಕಾರಿಗೆ ವಿಭೂತಿ ಯಾಕ ಹಚ್ಚತಿ?"

"ಒಳಗಿನ ಬಾಜೂಕ ಇರತಾವ್ರಿ. ಮ್ಯಾಲೆ ರೆಕ್ಸಿನ್ ಬರತೈತಿ, ಯಾರಿಗೂ ಕಾಣಂಗಿಲ್ಲ."

"ಕಾಣಂಗಿಲ್ಲಂದ್ರ ಯಾಕ ಹೊಡೀಬೇಕು?"

"ಕಾಣಲೆಂತ ಹೊಡ್ಯಾಂಗಿಲ್ರಿ. ನಾ ಮಾಡಿದ್ದು ನಂದು, ಜಪಾನದವ್ರು ಮಾಡಿದ್ದು ಅವರ್ದು. ನಾಳೆ ಬಾಗಲಾ ಕಳಚಿ ಬಿದ್ರ ಅವರ್ನ್ಯಾಕ ಬೈಬೇಕು?"

ಸಾಹುಕಾರರು ಆಗ ಸುಮ್ಮನಾದರು. ಇಲ್ಲದ ಬಾಗಿಲನ್ನು ಹುಟ್ಟಿಸುವ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಬಾಗಿಲು ಹುಟ್ಟಿದ್ದು ಹೀಗೆ. ಬಲಬಾಗಿಲಿಗೆ ಮಾದರಿ ಎಲ್ಲಿಂದ ತರುವುದು ಎಂದು ಅಣ್ಣ ಎರಡು ದಿನ ಬೀಡಿ ಸೇದಿದ. ಮೂರನೆಯ ದಿನ ನಾನು ಎಡಬಾಗಿಲಿನ ಮೇಲೆ ಪೇಪರು ಹಾಸಿ, ಅಂಚು ಒತ್ತಿ ಗುರುತು ತೆಗೆದು, ಕತ್ತರಿಸಿ, ಮಗುಚಿ ಬಲಕ್ಕೆ ಹಿಡಿದೆ. ರವಿಕೆಯ ಎಡತೋಳು ಸಿಕ್ಕರೆ ಬಲತೋಳು ಮಾಡುವುದು ನಮಗೆ ದೊಡ್ಡ ವಿದ್ಯೆಯಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಹಳೆಯ ಲಾರಿಯ ಬಾನೆಟ್ಟಿನ ತಗಡನ್ನು ಅಣ್ಣ ಉಸುಕಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಹದಿನೈದು ದಿನ ಬಡಿದ. ತಗಡಿನ ತಗ್ಗು ತುಂಬಲು ಬಿಳಿಯ ಪುಟ್ಟಿ ಸಿಗುತ್ತದೆ, ಉಳಿದವರೆಲ್ಲ ಅದನ್ನೇ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಅಣ್ಣ ಒಂದು ಚಿಟಿಕೆ ಹಚ್ಚಲಿಲ್ಲ. ಕಣ್ಣು ಮುಚ್ಚಿ ಅಂಗೈ ಆಡಿಸಿ ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಎಂದು ಹುಡುಕಿ ಮತ್ತೆ ಬಡಿಯುತ್ತಿದ್ದ. ಕೊನೆಗೆ ಬಾಗಿಲು ಕೂತಾಗ ಸಪ್ಪಳ ಕೂಡ ಎಡಬಾಗಿಲಿನ ಹಾಗೆಯೇ ಬಂತು. ಸತ್ಯ ಹೇಳಬೇಕೆಂದರೆ ಅದಕ್ಕಿಂತ ಚಲೋ ಬಂತು. ಎಡಬಾಗಿಲು ಜಪಾನಿನದೇ ಹೌದು, ಆದರೆ ಗೋವಾದಲ್ಲಿ ಯಾವನೋ ಅದಕ್ಕೆ ಗುದ್ದಿಸಿ, ಯಾವನೋ ಬೆರಳು ದಪ್ಪ ಪುಟ್ಟಿ ತುಂಬಿ ಮುಚ್ಚಿದ್ದ. ಅಣ್ಣ ಬಲಬಾಗಿಲಿನ ಒಳತಗಡಿಗೆ ಚಾಣ ಇಟ್ಟು ಮೂರು ಗೆರೆ ಹೊಡೆದ. ಅದು ಮುಗಿದ ಮೇಲೆಯೇ ಆ ದಿನ ಉಂಡ.

ಸ್ಟೇರಿಂಗಿನ ಕಟ್ಟಿಗೆಯ ಗಾಲಿಯನ್ನು ನಮ್ಮೂರಿನಲ್ಲಿ ತೊಟ್ಟಿಲು ಮಾಡುವವನೊಬ್ಬ ತಿದ್ದಿ ಅರಗಿನ ಬಣ್ಣ ಕೊಟ್ಟ. ಯಾವುದಕ್ಕೆ ಎಂದು ಅವನಿಗೆ ಹೇಳಿರಲಿಲ್ಲ. ಇಷ್ಟು ಸಣ್ಣ ಗಾಲಿಯ ಬಂಡಿಯಲ್ಲಿ ಯಾವ ಕೂಸು ಕೂಡುತ್ತದೆ ಎಂದು ಅವನು ಬೈದುಕೊಂಡೇ ಕೊಟ್ಟ.

ಸೀಟು ನನ್ನದು. ಇಲಿ ತಿಂದ ಕರಿಯ ಹೊದಿಕೆಯನ್ನು ಒಂದೊಂದೇ ಹೊಲಿಗೆ ಬಿಚ್ಚಿದೆ. ಒಂದು ಅಂಗುಲಕ್ಕೆ ಎಷ್ಟು ಹೊಲಿಗೆ, ಮೂಲೆಯಲ್ಲಿ ದಾರ ಹೇಗೆ ತಿರುಗಿದೆ, ಎಲ್ಲ ನೋಡಿಕೊಂಡೆ. ಎಡಸೀಟಿನ ಮೊಣಕಾಲಿನ ಬದಿಗೆ ಒಂದು ಕಡೆ ಹೊಲಿಗೆ ತಪ್ಪಿತ್ತು. ಜಪಾನಿನಲ್ಲಿಯೂ ಯಾವಳೋ ಒಬ್ಬಳು ಹೊಲಿಯುತ್ತ ಬೇರೆ ಏನೋ ನೆನೆಸಿಕೊಂಡಿದ್ದಳು. ನನಗೆ ಅವಳ ಮೇಲೆ ಪ್ರೀತಿ ಬಂತು. ಹೊಸ ರೆಕ್ಸಿನ್ ಹೊಲಿಯುವಾಗ ಅದೇ ಜಾಗದಲ್ಲಿ ನಾನೂ ಒಂದು ಹೊಲಿಗೆ ತಪ್ಪಿಸಿದೆ. ತಪ್ಪನ್ನು ಅಷ್ಟು ಶ್ರದ್ಧೆಯಿಂದ ನಾನು ಎಂದೂ ಮಾಡಿರಲಿಲ್ಲ. ಮುಂದೆ ಇನ್ನೊಂದನ್ನು ಮಾಡಿದೆ, ಅದನ್ನೇ ಈಗ ಹೇಳಬೇಕು.

ಅಣ್ಣ ಬಂಪರಿಗೆ ನಿಕ್ಕಲ್ ಪಾಲಿಶ್ ಮಾಡಿಸಲು ಹುಬ್ಬಳ್ಳಿಗೆ ಹೋಗಿದ್ದ ಮಧ್ಯಾಹ್ನ ಸಾಹುಕಾರರು ಬಂದರು. ಬಾಗಿಲಿನ ಒಳಮೈಗೆ ಬಣ್ಣ ಬಳಿಯುವುದು, ಅದರ ಮೇಲೆ ರೆಕ್ಸಿನ್ ಹಲಗೆ ಕೂಡಿಸುವುದು ನನ್ನ ಪಾಲಿನ ಕೆಲಸ. ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದೆ. ಸಾಹುಕಾರರು ಕಾರಿನಲ್ಲಿ ಕೂತು ನೋಡುವ ಆಸೆಯಿಂದ ಒಳಗೆ ಇಳಿದರು. ಇಳಿಯುವುದೇನೋ ಇಳಿದರು. ಹೊಟ್ಟೆ ಸ್ಟೇರಿಂಗಿಗೆ ಸಿಕ್ಕಿತು, ಧೋತರದ ಚುಂಗು ಗೇರಿಗೆ ಸಿಕ್ಕಿತು. ಹಾಗೆ ಸಿಕ್ಕಿಕೊಂಡೇ ಸೀಟು ಸವರುತ್ತ ಮಾತಾಡಿದರು.

"ತಂಗೀ, ಈ ಸೀಟ ನೀ ಹೊಲದಿ ಅಂದ್ರ ಯಾರೂ ನಂಬಂಗಿಲ್ಲ."

"ನಂಬದಿದ್ರ ಬಿಡ್ರಿ. ಹೊಲದದ್ದಂತೂ ನಾನ."

"ನಂಬಬಾರದು ಅಂತನ ನನ್ನ ಆಸೆ. ಜಪಾನದ ಹೊಲಿಗಿ, ಏನ ಕೈಪಾ ಇದು ಅನಬೇಕು ನೋಡಿದಾವ್ರು. ಅಂತಿದ್ರು ಖರೇ. ಆದ್ರ ಏನ ಮಾಡೂದು, ನಿಮ್ಮಣ್ಣ ಬಾಗಲದಾಗ ಮೂರ ಗೆರಿ ಕೊರದ ಇಟ್ಟಾನ. ಅದೊಂದ ಕಂಡ್ರ ಮುಗೀತು. ಬಾಗಲಾ ಕಲಘಟಗೀದು, ಸೀಟ ಕಲಘಟಗೀದು, ಎಲ್ಲಾ ಹಳ್ಳಿ ಕೆಲಸ ಅಂತಾರ. ಪಾಪ, ನಿನ್ನ ಕೈ ಸುದ್ದ ಅದರಾಗ ಹೋಗತೈತಿ."

ಇಷ್ಟು ಹೇಳಿ, ನನ್ನ ಕೈ ಹಿಡಿದು ಎದ್ದು, ಧೋತರ ಬಿಡಿಸಿಕೊಂಡು ಹೋದರು. ಗೆರೆ ಮುಚ್ಚು ಎಂದು ಹೇಳಲಿಲ್ಲ. ಹೇಳಿದ್ದರೆ ನಾನು ನಾಲ್ಕು ಮಾತು ಅಂದು ಕಳಿಸುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು. ಅಸಲಿ ಮುತ್ತಜ್ಜನನ್ನೇ ಮಾಡಿಸಿಕೊಂಡ ಮನುಷ್ಯ, ನನ್ನಂಥವಳು ಏನು ಮಹಾ.

ಗಂಡನ ಮನೆಯಲ್ಲಿ ನಾನು ಮಾಡಿದ ರೊಟ್ಟಿ ದಪ್ಪ, ಹಾಕಿದ ರಂಗೋಲಿ ಸೊಟ್ಟ, ಹೊಲಿದ ಲಂಗ ಉದ್ದ. ನನ್ನ ಕೈ ಚಲೋ ಎಂದು ಯಾರೂ ಅಂದಿರಲಿಲ್ಲ. ಈಗ ಅನ್ನುವವರಿದ್ದರು, ಆದರೆ ಅದು ನನ್ನ ಕೈ ಎಂದು ಅವರಿಗೆ ಗೊತ್ತಾಗಬಾರದು. ಇದರಲ್ಲಿರುವ ಮಂಗತನ ಆವತ್ತು ನನಗೆ ಹೊಳೆಯಲಿಲ್ಲ. ಪುಟ್ಟಿ ಕಲಸಿದೆ. ಮೂರೂ ಗೆರೆ ತುಂಬಿದೆ. ಒಣಗಿದ ಮೇಲೆ ಉಸುಕು ಕಾಗದದಿಂದ ತಿಕ್ಕಿ, ಎರಡು ಸಲ ಕೆಂಪು ಬಣ್ಣ ಕೊಟ್ಟು, ಮೇಲೆ ರೆಕ್ಸಿನ್ ಹಲಗೆ ಕೂಡಿಸಿ ತಿರುಪು ಬಿಗಿದೆ. ಅಣ್ಣ ಸಂಜೆ ಬಂದು ಹಲಗೆಯ ಮೇಲೆ ಕೈ ಆಡಿಸಿ, "ಭಾರೀ ಕುಂತೈತಲ್ಲ," ಅಂದ. ನಾನು ಅವನಿಗೆ ಚಹಾ ಮಾಡಲು ಎದ್ದೆ.

ಪುಣೆಯ ಶೇಠ ಹದಿನೈದು ದಿನಕ್ಕೆ ಬಂದ. ಜೊತೆಗೆ ಬೆಳಗಾವಿಯ ಪರೀಕ್ಷಕನೊಬ್ಬನನ್ನು ಕರೆತಂದಿದ್ದ. ಪರೀಕ್ಷಕ ಕನ್ನಡದಲ್ಲಿ ನಮ್ಮನ್ನು ಕೇಳಿ ಮರಾಠಿಯಲ್ಲಿ ಶೇಠನಿಗೆ ಹೇಳುತ್ತಿದ್ದ. ತಾಡಪತ್ರಿ ಬಿಚ್ಚಿದರು. ಎದುರಿನ ಚಹಾದಂಗಡಿಯಲ್ಲಿದ್ದವರೆಲ್ಲ ಕಪ್ಪು ಹಿಡಿದೇ ಬಂದು ನಿಂತರು. ಅವ್ವ ಒಗ್ಗರಣೆ ಅವಲಕ್ಕಿ ಮಾಡಿ ಕೊಟ್ಟಳು. ಥೇಟ್ ಹೆಣ್ಣು ನೋಡುವ ಶಾಸ್ತ್ರ. ಆದರೆ ನನ್ನನ್ನು ನೋಡಲು ಬಂದವರು ಇಷ್ಟು ಬಗ್ಗಿ ನೋಡಿರಲಿಲ್ಲ. ಪರೀಕ್ಷಕನ ಕೈಯಲ್ಲಿ ಕರವಸ್ತ್ರ ಸುತ್ತಿದ ಒಂದು ಅಯಸ್ಕಾಂತ, ಒಂದು ಬ್ಯಾಟರಿ, ಹಲ್ಲಿನ ವೈದ್ಯರು ಹಿಡಿಯುವಂಥ ಸಣ್ಣ ಕನ್ನಡಿ. ಪುಟ್ಟಿ ತುಂಬಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ, ತಗಡಿಗಷ್ಟೇ ಹಿಡಿಯುತ್ತದೆ. ಅವನ ವಿದ್ಯೆಯೆಲ್ಲ ಅಷ್ಟೇ, ಆದರೆ ಮುಖ ಮಾತ್ರ ಪಂಚಾಂಗ ಹೇಳುವವರದು.

ಮೊದಲು ತೊಟ್ಟಿಲಿನವನು ತಿದ್ದಿದ ಸ್ಟೇರಿಂಗ್ ಹಿಡಿದ. "ನೋಡ್ರಿ, ಈ ಬಣ್ಣ ಜಪಾನ ಬಿಟ್ರ ಎಲ್ಲೂ ಬರಂಗಿಲ್ಲ," ಅಂದ. ಆಮೇಲೆ ನನ್ನ ಸೀಟಿಗೆ ಬಂದ. ಬಗ್ಗಿದ, ಕನ್ನಡಿ ಹಿಡಿದ, ತಪ್ಪಿದ ಹೊಲಿಗೆ ಕಂಡ.

"ಇಲ್ಲಿ ನೋಡ್ರಿ. ಒಂದ ಹೊಲಿಗಿ ತಪ್ಪೈತಿ. ಇದು ಕಾರ್ಖಾನೆಯಾಗಿನ ಕೈ ತಪ್ಪು. ನಕಲಿ ಮಾಡಾವ್ರು ಅಗದಿ ಸ್ವಚ್ಛ ಹೊಲೀತಾರ, ತಪ್ಪ ಮಾಡೂ ಧೈರ್ಯ ಅವರಿಗೆಲ್ಲಿ ಬರಬೇಕು? ಇದು ನೂರಕ್ಕ ನೂರು ಅಸಲಿ."

ಸಾಹುಕಾರರು ನನ್ನ ಕಡೆ ಕಣ್ಣು ಮಿಟುಕಿಸಿದರು. ನಾನು ಹಿಗ್ಗಿದೆ. ಮನೆಯ ಬಾಗಿಲ ಚೌಕಟ್ಟಿಗೆ ಒರಗಿ, ಸೆರಗು ಸರಿಮಾಡಿಕೊಂಡು, ಜಪಾನಿನವಳಾಗಿ ನಿಂತೆ.

ಆಮೇಲೆ ಅವನು ಬಾಗಿಲುಗಳಿಗೆ ಬಂದ. ಬಲಬಾಗಿಲಿಗೆ ಅಯಸ್ಕಾಂತ ಇಟ್ಟರೆ ಮೇಲಿಂದ ಕೆಳಗೆ ಎಲ್ಲ ಕಡೆ ಟಕ್ಕೆಂದು ಹಿಡಿಯಿತು. ಎಡಬಾಗಿಲಿಗೆ ಇಟ್ಟರೆ ಜಾರಿ ಬಿತ್ತು. ಇನ್ನೊಂದು ಕಡೆ ಇಟ್ಟ, ಅಲ್ಲೂ ಜಾರಿತು. ಬೆರಳ ಗಂಟಿನಿಂದ ಬಡಿದು ಕಿವಿ ಹಚ್ಚಿ ಕೇಳಿದ.

"ಈ ಎಡಗಡಿ ಬಾಗಲಾ ಕಂಪನೀದಲ್ಲ. ಹಳ್ಳ್ಯಾಗ ಬಡದು ಪುಟ್ಟಿ ಮೆತ್ಯಾರ. ಅಸಲಿ ಬಾಗಲಾ ಎಲ್ಲಿ ಹೋತು?"

ಶೇಠ ಸಾಹುಕಾರರ ಮುಖ ನೋಡಿದ. ಸಾಹುಕಾರರು ಅಣ್ಣನ ಮುಖ ನೋಡಿದರು. ಒಂದು ಬಾಗಿಲಿಲ್ಲದ ಕಾರನ್ನು ತಂದದ್ದು ಅವರೇ, ಆ ಇಲ್ಲದ್ದು ಬಲಗಡೆಯದು ಎಂಬುದು ಅವರಿಗೆ ಗೊತ್ತಿತ್ತು. ಆದರೆ ಹಾಗೆ ಹೇಳಿದರೆ ಅಣ್ಣ ಹೊಸ ಬಾಗಿಲು ಮಾಡಿದ್ದೂ ಹೇಳಬೇಕು.

"ನಾ ಎರಡೂ ಬಾಗಲಾ ಸುದ್ದ ಗಾಡಿ ಬರೇ ಬಣ್ಣಕ್ಕ ಕೊಟ್ಟೇನ್ರಿ," ಅಂದರು. "ಇಲ್ಲಿ ಏನಾತೋ ನನಗ ಗೊತ್ತಿಲ್ಲ."

ಅಣ್ಣ ಕೈ ಒರೆಸಿಕೊಂಡು ಮುಂದೆ ಬಂದ. "ಸಾವಕಾರ್ರ, ಹಿಂಗ್ಯಾಕ ಅಂತೀರಿ? ಎಡಗಡಿ ಬಾಗಲಾ ಗಾಡಿ ಜೋಡೀನ ಬಂದದ್ರಿ. ಅದ ಜಪಾನದ್ದು. ಬಲಗಡಿಗೆ ಬಾಗಲಾನ ಇರಲಿಲ್ಲ, ಅದನ್ನ ನಾ ಮಾಡೀನಿ."

ಪರೀಕ್ಷಕ ನಕ್ಕ. ಮರಾಠಿಯಲ್ಲಿ ಶೇಠನಿಗೆ ಹೇಳಿದ, ಶೇಠನೂ ನಕ್ಕ. "ಇದನ್ನ ನೀ ಮಾಡಿದಿ? ಒಂದ ಚೂರ ಪುಟ್ಟಿ ಇಲ್ಲ ಇದರಾಗ. ಇಂಥಾ ಬಾಗಲಾ ಮಾಡಾವ ಕಲಘಟಗ್ಯಾಗ ಟ್ಯಾಕ್ಟರ್ ಬಡಕೋತ ಯಾಕ ಕುಂದರ್ತಿದ್ದ?"

"ನಂಬಿಕಿಲ್ಲಂದ್ರ ರೆಕ್ಸಿನ್ ಬಿಚ್ಚಿ ನೋಡ್ರಿ. ನಾ ಮಾಡಿದ ಸಾಮಾನಿಗೆ ಒಳಗ ಮೂರ ಗೆರಿ ಇರತಾವು. ಈ ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ."

ಚಹಾದಂಗಡಿಯವರು ಹೌದೆಂದು ಗೋಣು ಹಾಕಿದರು. ಅಣ್ಣ ತಾನೇ ತಿರುಪು ಬಿಚ್ಚಿದ. ನಾನು ಬಿಗಿದ ನಾಲ್ಕು ತಿರುಪು. ಹಲಗೆ ಕಳಚಿ ಬಂತು. ಒಳಗೆ ಕೆಂಪು ಬಣ್ಣ ಕನ್ನಡಿಯ ಹಾಗೆ ನುಣ್ಣಗಿತ್ತು.

ಅಣ್ಣ ಬಗ್ಗಿ ನೋಡಿದ. ಆಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಎಳೆದ. ಗೆರೆಗಳಿದ್ದ ಜಾಗದ ಮೇಲೆ ಹೆಬ್ಬೆರಳು ನಿಂತಿತು. ತಗಡಿಗೂ ಪುಟ್ಟಿಗೂ ಇರುವ ಅಂತರ ಕಣ್ಣು ಮುಚ್ಚಿ ಹೇಳುವ ಬೆರಳದು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಬಣ್ಣ ಬಳಿಯುವವಳು ಆ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು.

ನಾನು ಹೇಳಬೇಕಾದ್ದು ಒಂದೇ ಮಾತು. ಗೆರೆಗಳಿವೆ, ನಾನು ತುಂಬಿದ್ದೇನೆ, ಕೆರೆದು ನೋಡಿರಿ. ಹೇಳಿದರೆ ಬಾಗಿಲು ಅಣ್ಣನದಾಗುತ್ತಿತ್ತು. ಮತ್ತೆ, ಸೀಟು ಕಲಘಟಗಿಯದಾಗುತ್ತಿತ್ತು. ಇದು ಮನಸ್ಸಿನಲ್ಲಿ ಸ್ಪಷ್ಟವಾಗಿ ಬಂತು, ಬಂದೇ ಬಂತು. ನೂರಕ್ಕೆ ನೂರು ಅಸಲಿ ಎಂದು ಅನ್ನಿಸಿಕೊಂಡು ಹತ್ತು ನಿಮಿಷ ಆಗಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅದು ಇರಲಿ ಅನ್ನಿಸಿತು. ಅಷ್ಟೇ ಕಾರಣ. ಹೆದರಿಕೆಯಲ್ಲ, ಗಂಡಸರಲ್ಲ, ಮರ್ಯಾದೆಯಲ್ಲ. ನಾನು ಅವಲಕ್ಕಿಯ ತಟ್ಟೆ ಎತ್ತುವವಳ ಹಾಗೆ ನೆಲ ನೋಡಿದೆ.

ಅಣ್ಣ ಎದ್ದು ನಿಂತ. "ಹಂಗಾರ ನಾ ಹೊಡಿಯೂದು ಮರ್ತಿರಬೇಕ್ರಿ," ಅಂದ.

ಅವನು ಒಂದು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪರೀಕ್ಷಕ ತೀರ್ಪು ಕೊಟ್ಟ. ಅಸಲಿ ಎಡಬಾಗಿಲನ್ನು ಮೇಸ್ತ್ರಿ ಎಲ್ಲೋ ಮಾರಿಕೊಂಡು ಪುಟ್ಟಿ ಬಾಗಿಲು ಕೂಡಿಸಿದ್ದಾನೆ, ಮೇಲೆ ಜಪಾನಿನವರ ಬಾಗಿಲನ್ನು ತನ್ನದೆಂದು ಹೇಳಿಕೊಳ್ಳುತ್ತಾನೆ. ಅಂದರೆ ಅಣ್ಣ ಮಾಡಿದ ಬಾಗಿಲು ಅವನದಲ್ಲ, ಮಾಡದ ಬಾಗಿಲು ಅವನದು. ಶೇಠ ರೇಟು ಇಳಿಸಿ ಕಾರು ಒಯ್ದ. ಸಾಹುಕಾರರು ಹೋಗುವಾಗ, ಮನಿಷ್ಯಾರ್ನ ನಂಬಬಾರದ ಕಾಲ ಬಂತು ಎಂದು ಚಹಾದಂಗಡಿಯವರ ಮುಂದೆ ಉಸಿರು ಬಿಟ್ಟರು. ಅವರ ಮುಖ ಥೇಟ್ ಆ ಚಿತ್ರದಲ್ಲಿದ್ದ ಮುತ್ತಜ್ಜನ ಹಾಗೆ ಗಂಭೀರವಾಗಿತ್ತು.

ಊರಿಗೆ ಒಂದು ಕತೆ ಬೇಕಿತ್ತು, ಸಿಕ್ಕಿತು. ಬಾಗಿಲು ಮುಂಬಯಿಗೆ ಹೋಯಿತಂತೆ, ಇಲ್ಲ ಗೋವಾಕ್ಕೆ ತಿರುಗಿ ಹೋಯಿತಂತೆ. ಕಾರಿಲ್ಲದೆ ಬರೀ ಎಡಬಾಗಿಲನ್ನು ಕೊಂಡವನು ಅದನ್ನು ಯಾವ ಗೋಡೆಗೆ ಹಚ್ಚಿಕೊಂಡ ಎಂದು ಒಬ್ಬರೂ ಕೇಳಲಿಲ್ಲ. ಅಪ್ಪನ ಕಾಲದಿಂದ ಬರುತ್ತಿದ್ದ ರೈತರೊಬ್ಬರು ಇಂಜಿನ್ನಿನ ಟಾಕಿ ತಂದರು. ಇಟ್ಟು ಚಹಾಕ್ಕೆ ಹೋಗಲಿಲ್ಲ. "ಮುಗಿಯೂತನಕ ನಾ ಇಲ್ಲೇ ಕುಂದರ್ತೇನಿ ತಮ್ಮಾ, ನನಗೇನ ಕೆಲಸಿಲ್ಲ," ಎಂದು ಕಲ್ಲಿನ ಮೇಲೆ ಕುಳಿತರು, ಟಾಕಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಅಣ್ಣ ಹೊಸ ತಗಡಿನ ತಳ ಕೂಡಿಸಿಕೊಟ್ಟ. ಗೆರೆ ಹೊಡೆಯಲಿಲ್ಲ. ಅದೇ ತಿಂಗಳು ಶೆಡ್ಡಿಗೆ ಬೀಗ ಹಾಕಿ, ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿಗೆ ದಿನಗೂಲಿಗೆ ಹೋಗತೊಡಗಿದ.

"ಅಂವಾ ಯಾಕ ನೆಟ್ಟಗ ಉಣವಲ್ಲ?" ಎಂದು ಅವ್ವ ನನ್ನನ್ನು ಕೇಳುತ್ತಿದ್ದಳು.

"ಬಸ್ಸಿನ ದಣಿವು," ಅನ್ನುತ್ತಿದ್ದೆ.

ಅವನು ನನ್ನನ್ನು ಏನೂ ಕೇಳಲಿಲ್ಲ. ಒಂದು ಸಲ ಬೈದಿದ್ದರೆ ನಾನು ಜಗಳ ತೆಗೆದು, ಅತ್ತು, ಹಗುರಾಗುತ್ತಿದ್ದೆ. ಅಷ್ಟು ಸೋವಿಯಲ್ಲಿ ನನ್ನನ್ನು ಬಿಡುವ ಮನಸ್ಸು ಅವನಿಗಿರಲಿಲ್ಲವೋ, ಅಥವಾ ಬೈಯುವುದು ಅವನಿಗೆ ಹೊಳೆಯಲೇ ಇಲ್ಲವೋ. ರಾತ್ರಿ ಬರುತ್ತಿದ್ದ, ಉಣ್ಣುತ್ತಿದ್ದ, ನನ್ನ ಮಷೀನಿಗೆ ಎಣ್ಣೆ ಬಿಟ್ಟು ಮಲಗುತ್ತಿದ್ದ. ಒಂದು ವರ್ಷ ಹೀಗೆಯೇ ನಡೆಯಿತು. ಈ ನಡುವೆ ನಾನು ಮನಸ್ಸಿನಲ್ಲಿ ತಪ್ಪೊಪ್ಪಿಗೆಯನ್ನು ಇನ್ನೂರು ಸಲ ಹೊಲಿದು ಬಿಚ್ಚಿದೆ. ಯಾವಾಗಲೂ ಅಡುಗೆಮನೆಯಲ್ಲಿ, ಅವನೊಬ್ಬನ ಮುಂದೆ, ಮೆಲ್ಲಗೆ ಹೇಳುವ ಹಾಗೆ. ಅವಮಾನ ಆದದ್ದು ನಡುರಸ್ತೆಯಲ್ಲಿ, ಮಾಫಿ ಮಾತ್ರ ಒಲೆಯ ಮುಂದೆ. ನನ್ನ ಜಾಣತನ ನೋಡಿ.

ಒಂದು ಬೆಳಗ್ಗೆ ಅಣ್ಣ ಬುತ್ತಿ ಬಿಟ್ಟು ಹೋದ. ರೊಟ್ಟಿ ಗಂಟು ಹಿಡಿದುಕೊಂಡು ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಹುಬ್ಬಳ್ಳಿ ಬಸ್ಸು ನಿಂತಿತ್ತು, ಅಣ್ಣ ಬಾಗಿಲ ಹತ್ತಿರ ಸಾಲಿನಲ್ಲಿದ್ದ. ನಮ್ಮ ಎದುರಿನ ಚಹಾದಂಗಡಿಯ ಮಂದಿಯೇ ಐದಾರು ಜನ ಅಲ್ಲಿದ್ದರು. ಕಂಡಕ್ಟರನೂ ಅವರ ಜೊತೆ ಸೇರಿದ್ದ.

"ಏನ ಮೇಸ್ತ್ರಿ, ಇವತ್ತ ಯಾವ ಬಾಗಲಾ ಬಗಲಾಗ ಹೊಡಕೊಂಡ ಹೊಂಟಿ?"

"ಕಂಡಕ್ಟರ್ರ, ಹುಬ್ಬಳ್ಳಿ ಮುಟ್ಟಿದ ಮ್ಯಾಲೆ ಬಸ್ಸಿನ ಬಾಗಲಾ ಎಣಿಸಿಕೊಳ್ರಿ ಮತ್ತ."

"ಎಣಿಸೂದೇನು, ಇಂವಾ ಹತ್ತಿದ ದಿನ ನಾ ಬಾಗಲಕ್ಕ ಬೆನ್ನ ಹಚ್ಚೇ ನಿಂದರ್ತೇನಿ," ಅಂದ ಕಂಡಕ್ಟರ್.

ಇದು ಹೊಸದಲ್ಲ, ದಿನಾ ನಡೆಯುತ್ತದೆ ಎಂಬುದು ಅವರು ನಗುವ ರೀತಿಯಲ್ಲೇ ಗೊತ್ತಾಯಿತು. ನಾನು ಕಾಯುತ್ತಿದ್ದೆ, ಅಣ್ಣ ಮುಖ ತಗ್ಗಿಸುತ್ತಾನೆ ಎಂದು. ಅವನು ತಗ್ಗಿಸಲಿಲ್ಲ.

"ಬಾಗಲಾ ಖಾಲಿ ಆದೂವ್ರಿ," ಅಂದ ಅಣ್ಣ, ನಗುತ್ತ. "ಈಗ ಬರೇ ಕಿಡಕಿ ಒಯ್ಯಾಕತ್ತೇನಿ."

ಎಲ್ಲರೂ ಗೊಳ್ಳೆಂದರು. ಒಬ್ಬ ಅವನ ಬೆನ್ನು ತಟ್ಟಿದ. ಅವರು ಕೊಟ್ಟ ಕಳ್ಳನ ಹೆಸರನ್ನು ಅವನು ಅಂಗಿಯ ಹಾಗೆ ತೊಟ್ಟು ರೂಢಿ ಮಾಡಿಕೊಂಡಿದ್ದ, ಅದು ಮೈಗೆ ಕೂತೂ ಬಿಟ್ಟಿತ್ತು. ಅದನ್ನು ನೋಡಿದ ಮೇಲೆ ನನಗೆ ಅಡುಗೆಮನೆಯ ತನಕ ಹೋಗುವ ತಾಳ್ಮೆ ಉಳಿಯಲಿಲ್ಲ.

"ಆ ಬಾಗಲಾ ಇಂವಾ ಮಾರಿಲ್ಲ," ಅಂದೆ. ಧ್ವನಿ ಜೋರಾಗಿಯೇ ಬಂತು, ನಳದ ಮುಂದಿನದು. "ಬಲಗಡಿ ಬಾಗಲಾ ನಮ್ಮಣ್ಣನ ಮಾಡಿದ್ದು. ಮೂರ ಗೆರಿ ಹೊಡದಿದ್ದ. ಪುಟ್ಟಿ ತುಂಬಿ ಬಣ್ಣಾ ಬಳದಾಕಿ ನಾನು. ನೀವೆಲ್ಲಾ ಕಪ್ಪ ಹಿಡಕೊಂಡ ನಿಂತಿದ್ರಲ್ಲಾ, ಅವತ್ತ ಬಾಯಿ ಮುಚ್ಚಿಕೊಂಡ ನಿಂತಾಕೀನೂ ನಾನು."

ಕಂಡಕ್ಟರ್ ಸೀಟಿ ಬಾಯಿಗೆ ಇಟ್ಟವನು ಊದಲಿಲ್ಲ.

"ಬುತ್ತಿ ಕೊಡು, ಮನೀಗೆ ನಡಿ," ಅಂದ ಅಣ್ಣ, ಮೆಲ್ಲಗೆ. "ನನಗ ಗೊತ್ತೈತಿ."

"ನಿನಗ ಗೊತ್ತೈತಿ. ಇವರಿಗೆ ಗೊತ್ತಿರಲಿಲ್ಲ."

"ಬಸ್ಸ ಬಿಡತೈತಿ ಬೇ."

"ಬಿಡಲಿ," ಅಂದೆ. ಗಂಟು ಅವನ ಕೈಗೆ ಕೊಡದೆ ಹಿಡಿದುಕೊಂಡೇ, ಅಷ್ಟೂ ಮಂದಿಯ ಮುಂದೆ ಹೇಳಿದೆ. "ಅಣ್ಣಾ, ನನ್ನ ಸೀಟ ಚಲೋ ಐತಿ ಅನಿಸ್ಕೊಳ್ಳೂ ಆಸೇಕ ನಿನ್ನ ಕಳ್ಳನ್ನ ಮಾಡಿ ನಿಂದ್ರಿಸಿದೆ. ಹೇಳೂದು ಒಂದ ಮಾತಿತ್ತು, ಹೇಳಲಿಲ್ಲ. ನಂದು ತಪ್ಪಾತಪಾ. ಹೊಟ್ಟ್ಯಾಗ ಹಾಕ್ಕೋ."